ಸ್ವಿಫ್ಟ್‌ಗೆ ಯಾವ ಸಸ್ಪೆನ್ಷನ್? ಗ್ಯಾಸ್ ಶಾಕ್, ಲೋವರಿಂಗ್ ಸ್ಪ್ರಿಂಗ್, ಕಾಯ್ಲೋವರ್: ಮನೆಯಲ್ಲೇ ಹಾಕಿ ನೋಡಿದ ಹೋಲಿಕೆ

ಹೋಲಿಕೆಗೆ ಹಿಡಿದದ್ದು ಒಂದೇ ಗಾಡಿ: 2018ರಲ್ಲಿ ಬಂದ ಮೂರನೇ ತಲೆಮಾರಿನ ಮಾರುತಿ ಸ್ವಿಫ್ಟ್, ಪೆಟ್ರೋಲ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡತೊಲೆ). ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2450 ಮಿಮೀ, ಗ್ರೌಂಡ್ ಕ್ಲಿಯರೆನ್ಸ್ 163 ಮಿಮೀ, ಖಾಲಿ ತೂಕ 900 ಕೆಜಿಯ ಆಸುಪಾಸು. ಬಲೆನೊ, ಐ20, ಪೋಲೊಗಳದ್ದೂ ಇದೇ ವಿನ್ಯಾಸವಾದ್ದರಿಂದ ಇಲ್ಲಿನ ಬಹುತೇಕ ಮಾತು ಅವಕ್ಕೂ ಹೊಂದುತ್ತದೆ.

ಹಾಕಿ ನೋಡಿದ್ದು ನಾಲ್ಕು ಜೋಡಿ. ಮೊದಲನೆಯದು, ಕಂಪನಿ ಸ್ಪ್ರಿಂಗನ್ನೇ ಉಳಿಸಿಕೊಂಡು ಹೊಸ ಗ್ಯಾಸ್ ಶಾಕ್. ಎರಡನೆಯದು, ಹಳೆಯ ಕಂಪನಿ ಶಾಕ್ ಮೇಲೆ 35 ಮಿಮೀ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್. ಮೂರನೆಯದು, ಅದೇ ಲೋವರಿಂಗ್ ಸ್ಪ್ರಿಂಗಿಗೆ ಹೊಂದುವ ಗಿಡ್ಡ ಮೊನೋಟ್ಯೂಬ್ (ಒಂದೇ ನಳಿಗೆಯ) ಶಾಕ್. ನಾಲ್ಕನೆಯದು, ಎತ್ತರವನ್ನೂ ಬಿಗಿತವನ್ನೂ ಬದಲಿಸಬಹುದಾದ ಕಾಯ್ಲೋವರ್. ಟೈರು ಬದಲಾಗಲಿಲ್ಲ. ಗಾಳಿಯನ್ನು ಪ್ರತಿ ಸಲವೂ ಟೈರು ತಣ್ಣಗಿದ್ದಾಗ, ಬಾಗಿಲ ಪಕ್ಕದ ಸ್ಟಿಕರ್ ಹೇಳಿದಷ್ಟೇ ತುಂಬಿದ್ದು. ರಸ್ತೆಗಳೂ ಅವೇ: ಬೆಂಗಳೂರಿನ ಬಡಾವಣೆಗಳ ಹಂಪುಗಳು, ನೈಸ್ ರಸ್ತೆಯ ಸೇತುವೆ ಜಾಯಿಂಟುಗಳು, ಶಿರಾಡಿ ಘಾಟಿಯ ತಿರುವುಗಳು, ಸಕಲೇಶಪುರದ ಒಳಗಿನ ಎಸ್ಟೇಟ್ ದಾರಿ.

ಫಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಜೋಡಿ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಎರಡೇ ಸಂಗತಿ: ಗುಂಡಿ ಬಂದಾಗ ಚಕ್ರ ಮೇಲೇರಲು ಉಳಿದಿರುವ ಮಿಲಿಮೀಟರುಗಳು, ಮತ್ತು ಸ್ಪ್ರಿಂಗಿಗೂ ಶಾಕಿಗೂ ಇರುವ ಹೊಂದಾಣಿಕೆ. ಬೆಲೆ ಏರಿದ ಹಾಗೆ ಸುಖ ಏರಲಿಲ್ಲ.

ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಸ್ವಿಫ್ಟ್‌ನ ತೂಕದಲ್ಲಿ ಶೇಕಡಾ ಅರವತ್ತಕ್ಕೂ ಹೆಚ್ಚು ಮುಂದಿನ ಚಕ್ರಗಳ ಮೇಲಿದೆ. ಚಕ್ರ, ಬ್ರೇಕ್, ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ತುಂಡು) ಇವುಗಳ ತೂಕ ಕಳೆದು, ಡ್ರೈವರ್ ಕೂತಾಗ ಮುಂದಿನ ಒಂದು ಸ್ಪ್ರಿಂಗ್ ಹೊರುವುದು ಹೆಚ್ಚು ಕಡಿಮೆ 260 ಕೆಜಿ. ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ 20 ನ್ಯೂಟನ್ ಎಂದು ಹಿಡಿದರೆ ಅದು ಆ ಭಾರಕ್ಕೆ 127 ಮಿಮೀ ಕುಗ್ಗುತ್ತದೆ. ಗಾಡಿಯ ಸಹಜ ಓಲಾಟ ಸೆಕೆಂಡಿಗೆ 1.4 ಸಲ. ಕಾಯ್ಲೋವರ್ ಕಿಟ್‌ಗಳಲ್ಲಿ ‘5 ಕೆಜಿ ಸ್ಪ್ರಿಂಗ್’ ಎಂದು ಬರೆದಿರುತ್ತಾರೆ. ಹಾಗೆಂದರೆ ಮಿಲಿಮೀಟರಿಗೆ 5 ಕೆಜಿ, ಸುಮಾರು 49 ನ್ಯೂಟನ್. ಅದೇ ಭಾರಕ್ಕೆ ಅದು ಕುಗ್ಗುವುದು 52 ಮಿಮೀ ಮಾತ್ರ, ಓಲಾಟ ಸೆಕೆಂಡಿಗೆ 2.2 ಸಲ. ಮನೆಮಂದಿ ಕೂರುವ ಗಾಡಿಗೆ 1.2ರಿಂದ 1.5 ಹಿತ. 2 ದಾಟಿದ ಮೇಲೆ ರಸ್ತೆಯ ಪ್ರತಿ ಚಿಪ್ಪೂ ಬೆನ್ನಿಗೆ ತಿಳಿಯುತ್ತದೆ, ಶಾಕ್ ಎಷ್ಟೇ ಒಳ್ಳೆಯದಿದ್ದರೂ. ಕಿಟ್ ಕೊಳ್ಳುವಾಗ ಮೊದಲು ಕೇಳಬೇಕಾದ ಅಂಕಿ ಇದೇ. ಹೇಳಲಾಗದ ಮಾರಾಟಗಾರನಿಂದ ಕೊಳ್ಳಬೇಡಿ.

ಹಿಂದಿನ ಲೆಕ್ಕ ಬೇರೆ. ಖಾಲಿ ಗಾಡಿಯಲ್ಲಿ ಹಿಂದಿನ ಒಂದು ಮೂಲೆಯ ಮೇಲೆ 140 ಕೆಜಿ ಬಂದರೆ ಹೆಚ್ಚು. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ಹೇರಿದರೆ ಮೂಲೆಗೆ ಇನ್ನೂ 100 ಕೆಜಿ ಸೇರುತ್ತದೆ. ಚಕ್ರದ ಬಳಿ 20 ನ್ಯೂಟನ್ ಬಿಗಿತವಿದ್ದರೆ ಗಾಡಿ 49 ಮಿಮೀ ಕೂರುತ್ತದೆ. ಕಾಲು ಭಾಗ ಬಿಗಿಯಾದ ಲೋವರಿಂಗ್ ಸ್ಪ್ರಿಂಗ್ ಹಾಕಿದರೆ 39 ಮಿಮೀ ಕೂರುತ್ತದೆ, ಆದರೆ ಹೊರಟದ್ದೇ 35 ಮಿಮೀ ತಗ್ಗಿನಿಂದ. ಒಟ್ಟು 74 ಮಿಮೀ. ಮದುವೆಗೋ ಜಾತ್ರೆಗೋ ಮನೆಯವರೆಲ್ಲ ಹೊರಟ ದಿನ ಹಿಂದಿನ ಟೈರು ಒಳಗಿನ ಲೈನರಿಗೆ ಉಜ್ಜುವುದು ಈ ಲೆಕ್ಕದಿಂದಲೇ.

ಇನ್ನು ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಹಂಪ್ 17 ಮೀಟರ್ ತ್ರಿಜ್ಯದ ಕಮಾನು: 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 25 ಕಿಮೀ ವೇಗಕ್ಕೆಂದು ಲೆಕ್ಕ ಹಾಕಿದ್ದು. ಹಂಪ್ ನಡುವೆ ಬಂದು, ಮುಂದಿನ ಚಕ್ರ ಆಚೆಗೂ ಹಿಂದಿನ ಚಕ್ರ ಈಚೆಗೂ ಇದ್ದಾಗ, 2450 ಮಿಮೀ ವೀಲ್‌ಬೇಸಿನ ಗಾಡಿಯ ಹೊಟ್ಟೆಯ ಕೆಳಗೆ ಆ ಕಮಾನು ಉಬ್ಬುವುದು 44 ಮಿಮೀ ಮಾತ್ರ. 35 ಮಿಮೀ ತಗ್ಗಿಸಿದ ಸ್ವಿಫ್ಟ್‌ಗೂ ಅದು ಏನೂ ಅಲ್ಲ. ತಗುಲುವುದು ಬೀದಿಯವರೇ ಕಟ್ಟಿಕೊಂಡ ಹಂಪು: ಅರ್ಧ ಮೀಟರ್ ಅಗಲ, 15 ಸೆಂಮೀ ಎತ್ತರ. ಅದು ಚಕ್ರಗಳ ನಡುವೆ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. 163ರಲ್ಲಿ 35 ಕಳೆದರೆ 128. ದಿನವೂ ಓಡಾಡುವ ದಾರಿಯ ಅತಿ ಕೆಟ್ಟ ಹಂಪನ್ನು ಟೇಪು ಹಿಡಿದು ಅಳೆದುಕೊಂಡು ಬಂದ ಮೇಲೆ ಲೋವರಿಂಗ್ ಮಾತು.

ಮುಂದಿನ ಸ್ಟ್ರಟ್ ಬಿಚ್ಚುವುದು

ನಾಲ್ಕಕ್ಕೂ ಕೆಲಸ ಹೆಚ್ಚು ಕಡಿಮೆ ಒಂದೇ. ಬೇಕಾದದ್ದು: ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು, ಒಂದು ಜೊತೆ ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್, ಸಾಕೆಟ್ ಸೆಟ್, ಬಾಗಿದ ರಿಂಗ್ ಸ್ಪ್ಯಾನರ್, ಅಲೆನ್ ಕೀಗಳು, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಬಿಳಿ ಪೇಂಟ್ ಮಾರ್ಕರ್. ಗಾಡಿಯ ಜೊತೆ ಬರುವ ಜಾಕಿ ಪಂಚರ್ ಹಾಕಲು ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ. ನೆಲ ಕಾಂಕ್ರೀಟ್ ಇರಬೇಕು. ಹೆಂಚು, ಟೈಲ್ಸ್, ಮಣ್ಣಿನ ಅಂಗಳ ಬೇಡ.

ಜಾಕ್ ಏರಿಸುವ ಮೊದಲು ನಾಲ್ಕೂ ಮೂಲೆಯಲ್ಲಿ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗಿನ ಅಳತೆ ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ, ನೆಲದ ಓರೆ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಕತ್ತಲಾದ ಮೇಲೆ ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟಿನ ಬೆಳಕಿನ ಗೆರೆಗೂ ಗುರುತು ಹಾಕಿ. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಕರಾವಳಿಯ ಗಾಡಿಗೆ ಎರಡು ರಾತ್ರಿ ಬೇಕಾಗಬಹುದು.

ಚಕ್ರ ತೆಗೆದ ಮೇಲೆ ಸ್ಟ್ರಟ್ಟಿಗೆ ಕಚ್ಚಿಕೊಂಡಿರುವ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್‌ಗಳನ್ನು ಮೊದಲು ಬಿಡಿಸಿ. ತಿರುವಿನಲ್ಲಿ ವಾಲಾಟ ತಡೆಯುವ ಆಂಟಿರೋಲ್ ಬಾರಿಗೆ ಸ್ಟ್ರಟ್ಟನ್ನು ಜೋಡಿಸುವ ಲಿಂಕ್ ರಾಡಿನ ನಟ್ ತಿರುಗಿಸುವಾಗ ಅದರ ಬಾಲ್ ಜಾಯಿಂಟ್ ಕೂಡ ಸುತ್ತುತ್ತದೆ. ತುದಿಯಲ್ಲಿರುವ ಅಲೆನ್ ಗುಳಿಯನ್ನು ಕೀಯಿಂದ ಹಿಡಿದು, ನಟ್ಟನ್ನು ರಿಂಗ್ ಸ್ಪ್ಯಾನರಿನಿಂದ ಬಿಡಿಸಬೇಕು. ಗುಳಿಯಲ್ಲಿ ಮಣ್ಣು ತುಂಬಿರುತ್ತದೆ, ಮೊಳೆಯಿಂದ ಕೆದಕಿ ತೆಗೆಯದೆ ಕೀ ಹಾಕಿದರೆ ಗುಳಿ ಸವೆದು ಕೊನೆಗೆ ರಾಡನ್ನೇ ಕತ್ತರಿಸಬೇಕಾಗುತ್ತದೆ.

ಸ್ಟ್ರಟ್ಟನ್ನು ನಕಲ್‌ಗೆ ಹಿಡಿದಿರುವ ಎರಡು ಬೋಲ್ಟ್ ಬಿಚ್ಚುವ ಮೊದಲು, ಸ್ಟ್ರಟ್ ಕಿವಿಯೂ ನಕಲ್ಲೂ ಸೇರುವಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಆ ತೂತುಗಳಲ್ಲಿ ಇರುವ ಸಣ್ಣ ಸಡಿಲದಿಂದಲೇ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ವ್ಯತ್ಯಾಸವಾಗುತ್ತದೆ. ಬೋಲ್ಟ್ ತೆಗೆದ ಕೂಡಲೇ ನಕಲ್ ಹೊರಕ್ಕೆ ವಾಲಲು ನೋಡುತ್ತದೆ. ಬಿಟ್ಟರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಒಳಜಾಯಿಂಟ್ ಕಳಚಿಕೊಂಡು ಅದರ ರಬ್ಬರ್ ಬೂಟಿನೊಳಗೇ ಬಿದ್ದುಹೋಗುತ್ತದೆ, ಒಂದು ಗಂಟೆಯ ಕೆಲಸ ಇಡೀ ದಿನದ್ದಾಗುತ್ತದೆ. ತಂತಿಯಿಂದ ನಕಲ್ಲನ್ನು ಕಟ್ಟಿಹಾಕಿ. ಕ್ಯಾಲಿಪರ್ ತೆಗೆದಿದ್ದರೆ ಅದನ್ನೂ ಹೋಸಿನ ಮೇಲೆ ತೂಗಬಿಡಬೇಡಿ. ಆಮೇಲಷ್ಟೇ ಬಾನೆಟ್ ಕೆಳಗೆ ಸ್ಟ್ರಟ್ಟಿನ ತಲೆಯನ್ನು ಬಾಡಿಗೆ ಹಿಡಿದಿರುವ ಟಾಪ್ ಮೌಂಟ್ ಬಿಚ್ಚುವುದು, ಅದೂ ಒಬ್ಬರು ಕೆಳಗೆ ಸ್ಟ್ರಟ್ ಹಿಡಿದಿರುವಾಗ.

ಸ್ಪ್ರಿಂಗ್ ಕುಗ್ಗಿಸುವುದು ಈ ಕೆಲಸದಲ್ಲಿ ಅತಿ ಹೆಚ್ಚು ಪ್ರಾಣಾಪಾಯದ ಹಂತ. ಒತ್ತಿ ಹಿಡಿದ ಸ್ಪ್ರಿಂಗಿನಲ್ಲಿ ನೂರು ಕೆಜಿಗೂ ಮೀರಿದ ಬಲ ಕಾಯುತ್ತಿರುತ್ತದೆ. ಎರಡು ಕಂಪ್ರೆಸರುಗಳನ್ನು ಎದುರುಬದುರಾಗಿ, ಆದಷ್ಟು ಹೆಚ್ಚು ಸುತ್ತುಗಳನ್ನು ಒಳಗೊಳ್ಳುವಂತೆ ಕೂರಿಸಿ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಹೀಗೆ ಬಿಗಿಯುತ್ತ ಬನ್ನಿ. ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗತೊಡಗಿದರೆ ನಿಲ್ಲಿಸಿ, ಬಿಟ್ಟು, ಮತ್ತೆ ಕೂರಿಸಿ. ಟಾಪ್ ಮೌಂಟ್ ಕೈಯಲ್ಲೇ ಸಡಿಲವಾಗಿ ತಿರುಗುವವರೆಗೆ ನಡುವಿನ ನಟ್ ಮುಟ್ಟಬೇಡಿ. ಮುಖ ಎಂದಿಗೂ ಸ್ಪ್ರಿಂಗಿನ ನೇರಕ್ಕೆ ಇರಬಾರದು. ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ಟನ್ನು ಗ್ಯಾರೇಜಿಗೆ ಒಯ್ದು ಆ ಹಂತವೊಂದನ್ನೇ ಮಾಡಿಸಿಕೊಂಡು ಬನ್ನಿ, ಹಗ್ಗ ಬಿಗಿದು ಸಾಹಸ ಮಾಡಬೇಡಿ.

ಹೊಸ ಶಾಕಿನ ರಾಡನ್ನು ಇಕ್ಕಳದಿಂದ ಹಿಡಿಯಬಾರದು. ಕ್ರೋಮಿನ ಮೇಲೆ ಬಿದ್ದ ಒಂದು ಗೀರು ಆಯಿಲ್ ಸೀಲನ್ನು ಕೆಲವೇ ವಾರಗಳಲ್ಲಿ ಹರಿಯುತ್ತದೆ. ಇಂಪ್ಯಾಕ್ಟ್ ಗನ್ ಕೂಡ ಬೇಡ. ಗ್ಯಾರೇಜಿನಲ್ಲಿ ಹೊಸ ಶಾಕ್ ಹಾಕಿಸಿಕೊಂಡು ಬಂದ ತಿಂಗಳೊಳಗೆ ಎಣ್ಣೆ ಜಿನುಗಿತೆಂದರೆ, ಗನ್ ಹಿಡಿದಾಗ ರಾಡೇ ಗರಗರ ಸುತ್ತಿದ್ದು ಅದಕ್ಕೊಂದು ಮುಖ್ಯ ಕಾರಣ. ಟ್ವಿನ್‌ಟ್ಯೂಬ್ (ಎರಡು ನಳಿಗೆಯ) ಶಾಕ್ ಆದರೆ ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ, ಪೂರ್ತಿ ಎಳೆಯಬೇಕು. ಗೋದಾಮಿನಲ್ಲಿ ಅಡ್ಡ ಮಲಗಿದ್ದಾಗ ಒಳಗಿನ ನಳಿಗೆಗೆ ಸೇರಿದ ಗ್ಯಾಸು ಆಗ ಹೊರಬರುತ್ತದೆ. ಬಿಟ್ಟರೆ ಮೊದಲ ದಿನವೇ ‘ಶಾಕ್ ಸತ್ತಿದೆ’ ಎನ್ನಿಸುವಂಥ ಟಕಟಕ. ಮೊನೋಟ್ಯೂಬಿಗೆ ಇದು ಬೇಕಿಲ್ಲ.

ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯೇ ನೋಡಿ. ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್ (ಚಕ್ರದ ಓಡಾಟದ ಕೊನೆಯಲ್ಲಿ ತಡೆಯುವ ರಬ್ಬರ್), ಡಸ್ಟ್ ಬೂಟ್ (ರಾಡಿಗೆ ಧೂಳು ತಡೆಯುವ ಹೊದಿಕೆ) ಎಲ್ಲವನ್ನೂ ಹೊಸದಾಗಿ ಹಾಕಿ. ಶಾಕಿನ ಬೆಲೆಯ ಮುಂದೆ ಇವು ಚಿಲ್ಲರೆ. ಹಳೆಯ ಬೇರಿಂಗ್ ಉಳಿಸಿ ಆರು ತಿಂಗಳ ಮೇಲೆ ಮತ್ತೆ ಎಲ್ಲ ಬಿಚ್ಚುವುದಕ್ಕಿಂತ ಇದೇ ಲಾಭ. ಬಿಗಿಯುವ ಟಾರ್ಕನ್ನು ಆಯಾ ಮಾದರಿಯ ಸರ್ವಿಸ್ ಮ್ಯಾನುಯಲ್ ನೋಡಿಯೇ ಹಾಕಬೇಕು. ಕೈ ಅಂದಾಜು ಇಲ್ಲಿ ಬೇಡ.

ಹಿಂದಿನದು ಸುಲಭ, ಆದರೆ ಒಂದು ತಪ್ಪು ಎಲ್ಲರೂ ಮಾಡುತ್ತಾರೆ

ಟಾರ್ಷನ್ ಬೀಮಿನಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೀಮ್ ಕೆಳಗೆ ಜಾಕ್ ಕೊಟ್ಟು, ಎರಡೂ ಕಡೆಯ ಶಾಕಿನ ಕೆಳಬೋಲ್ಟ್ ತೆಗೆದು ಜಾಕನ್ನು ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ವೈರ್ ಎಳೆದುಕೊಳ್ಳುತ್ತಿಲ್ಲವೇ ಎಂದು ಕಣ್ಣಿಟ್ಟಿರಬೇಕು.

ತಪ್ಪು ಆಗುವುದು ಬಿಗಿಯುವಾಗ. ಶಾಕಿನ ಕೆಳಗಣ್ಣಿನಲ್ಲೂ ಮುಂದಿನ ಚಕ್ರದ ಲೋವರ್ ಆರ್ಮಿನಲ್ಲೂ ಇರುವ ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ಆ ನೇತಾಡುವ ಭಂಗಿಯೇ ಬುಷ್ಷಿಗೆ ಸಹಜ ಸ್ಥಿತಿಯಾಗುತ್ತದೆ. ಗಾಡಿ ಇಳಿಸಿದಾಗ ರಬ್ಬರ್ ಸದಾ ತಿರುಚಿದಂತೆಯೇ ಇರುತ್ತದೆ. ಗಾಡಿ ಒಂದು ಕಡೆ ಎತ್ತರ ನಿಲ್ಲುತ್ತದೆ, ವರ್ಷ ತುಂಬುವ ಮೊದಲೇ ಬುಷ್ ಹರಿಯುತ್ತದೆ. ಆದ್ದರಿಂದ ಬೋಲ್ಟನ್ನು ಕೈಬಿಗಿಯಷ್ಟೇ ಮಾಡಿ, ಬೀಮ್ ಕೆಳಗೆ ಜಾಕ್ ಕೊಟ್ಟು, ಚಕ್ರದ ನಡುವಿನಿಂದ ಫೆಂಡರಿನವರೆಗಿನ ಅಂತರ ಗಾಡಿ ನೆಲದ ಮೇಲೆ ನಿಂತಾಗಿನಷ್ಟೇ ಬಂದ ಮೇಲೆ ಟಾರ್ಕ್ ಕೊಡಿ. ಲೋವರಿಂಗ್ ಸ್ಪ್ರಿಂಗ್ ಹಾಕಿದವರಿಗೆ ಇದು ಇನ್ನೂ ಮುಖ್ಯ. ಬೀಮಿನ ಮುಂಭಾಗದ ದೊಡ್ಡ ಬುಷ್‌ಗಳ ಬೋಲ್ಟನ್ನೂ ಒಮ್ಮೆ ಸಡಿಲಿಸಿ, ಹೊಸ ಎತ್ತರದಲ್ಲಿ ಮತ್ತೆ ಬಿಗಿಯಬೇಕು. ಗ್ಯಾರೇಜುಗಳಲ್ಲಿ ಇದನ್ನು ಮಾಡಿದ್ದು ಕಾಣುವುದು ಅಪರೂಪ.

ಕಂಪನಿ ಸ್ಪ್ರಿಂಗ್, ಹೊಸ ಗ್ಯಾಸ್ ಶಾಕ್

70–80 ಸಾವಿರ ಕಿಮೀ ಓಡಿದ ಗಾಡಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಬೇರೆ ಇಲ್ಲ. ಶಾಕ್ ಸವೆಯುವುದು ನಿಧಾನವಾಗಿ, ಓಡಿಸುವವರಿಗೆ ಅದು ಅಭ್ಯಾಸವಾಗಿಬಿಟ್ಟಿರುತ್ತದೆ. ಬಾನೆಟ್ ಒತ್ತಿ ಎಷ್ಟು ಸಲ ಕುಣಿಯುತ್ತದೆ ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ. ಟೈರಿನ ಮೇಲೆ ಅಂಗೈ ಸವರಿ ನೋಡಿ. ಅಲ್ಲಲ್ಲಿ ತಗ್ಗು ಸಿಕ್ಕಿದರೆ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿದೆ ಎಂದರ್ಥ.

ಹೊಸ ಟ್ವಿನ್‌ಟ್ಯೂಬ್ ಗ್ಯಾಸ್ ಶಾಕಿನಲ್ಲಿ (ಕೆವೈಬಿಯ ಎಕ್ಸೆಲ್-ಜಿ ಈ ಬಗೆಯದು) ಗಾಡಿಯ ಎತ್ತರ ಕದಲಲಿಲ್ಲ. ಹಂಪ್ ಇಳಿದ ಮೇಲೆ ಎರಡನೆಯ ಓಲಾಟ ನಿಂತುಹೋಯಿತು. ಶಿರಾಡಿಯ ತಿರುವಿನಲ್ಲಿ ಬಾಡಿ ವಾಲುವ ಪ್ರಮಾಣ ಅಷ್ಟೇ ಉಳಿದರೂ, ವಾಲುವ ವೇಗ ಇಳಿದು ಸ್ಟೀರಿಂಗ್ ತಿದ್ದುವ ಕೆಲಸ ಕಡಿಮೆಯಾಯಿತು. ಎಸ್ಟೇಟ್ ದಾರಿಯಲ್ಲಿ ನಾಲ್ಕರಲ್ಲೂ ಇದೇ ಮೇಲು, ಅದೂ ದೊಡ್ಡ ಅಂತರದಿಂದ, ಏಕೆಂದರೆ ಚಕ್ರದ ಪೂರ್ತಿ ಓಡಾಟ ಹಾಗೇ ಉಳಿದಿದೆ. ದೋಷ ಒಂದೇ: ನೋಡಲು ಏನೂ ಬದಲಾಗುವುದಿಲ್ಲ. ಕಂಪನಿ ಎತ್ತರ ಬಿಡದೆ ಇನ್ನೂ ಬಿಗಿ ಬೇಕೆನ್ನುವವರಿಗೆ ಅದೇ ಉದ್ದದ ಮೊನೋಟ್ಯೂಬ್ ಇದೆ, ಬಿಲ್‌ಸ್ಟೈನ್‌ನ ಬಿ6 ಸಾಲಿನಂಥದ್ದು. ಆದರೆ ಮೊನೋಟ್ಯೂಬಿನ ಗ್ಯಾಸ್ ಒತ್ತಡ ಹೆಚ್ಚು. ನಿಧಾನ ವೇಗದಲ್ಲಿ ಕಲ್ಲುಹಾಸಿನ ಮೇಲೆ ಸಣ್ಣ ನಡುಕ ಸೀಟಿಗೆ ಬರುತ್ತದೆ.

ಹಳೆಯ ಶಾಕ್ ಮೇಲೆ ಲೋವರಿಂಗ್ ಸ್ಪ್ರಿಂಗ್

ಅತಿ ಹೆಚ್ಚು ಮಂದಿ ಆರಿಸುವುದು ಇದನ್ನೇ, ಆರಿಸಬಾರದ್ದೂ ಇದನ್ನೇ. ಮುಂದಿನ ಶಾಕಿನ ಬೂಟನ್ನು ಮೇಲೆತ್ತಿ, ರಾಡಿಗೆ ಒಂದು ತೆಳು ಕೇಬಲ್ ಟೈ ಕಟ್ಟಿ, ಶಾಕಿನ ತಲೆಗೆ ತಾಗಿಸಿ ಬಿಟ್ಟು ಒಂದು ಸುತ್ತು ಹೋಗಿ ಬನ್ನಿ. ಟೈ ಎಷ್ಟು ಮೇಲೆ ಸರಿದಿದೆಯೋ ಅಷ್ಟು ಓಡಾಟ ಬಳಕೆಯಾಗಿದೆ. ಡ್ರೈವರ್ ಕೂತಾಗ ಬಂಪ್ ಸ್ಟಾಪಿಗೆ 45 ಮಿಮೀ ಉಳಿದಿರುವ ಗಾಡಿಯನ್ನು 35 ಮಿಮೀ ತಗ್ಗಿಸಿದರೆ ಉಳಿಯುವುದು 10 ಮಿಮೀ. ಅಲ್ಲಿಂದ ಮುಂದೆ ಗಾಡಿ ನಿಂತಿರುವುದು ಸ್ಪ್ರಿಂಗಿನ ಮೇಲಲ್ಲ, ಬಂಪ್ ಸ್ಟಾಪಿನ ರಬ್ಬರಿನ ಮೇಲೆ. ತಿರುವಿನಲ್ಲಿ ಹೊರಚಕ್ರ ಆ ರಬ್ಬರಿಗೆ ತಾಗಿದ ಕ್ಷಣ ಆ ಮೂಲೆಯ ಬಿಗಿತ ಒಮ್ಮೆಗೇ ಹಲವು ಪಟ್ಟಾಗಿ ಮುಂಭಾಗ ಜಾರುತ್ತದೆ. ಘಾಟಿಯಲ್ಲಿ, ಅದೂ ಒದ್ದೆ ರಸ್ತೆಯಲ್ಲಿ, ಇದು ಹುಡುಗಾಟವಲ್ಲ.

ಎರಡನೆಯ ತೊಂದರೆ ರೀಬೌಂಡಿನದು, ಅಂದರೆ ಕುಗ್ಗಿದ ಸ್ಪ್ರಿಂಗ್ ವಾಪಸ್ ಹಿಗ್ಗುವಾಗಿನದು. ಕಂಪನಿ ಶಾಕನ್ನು ಕಂಪನಿ ಸ್ಪ್ರಿಂಗನ್ನು ತಡೆಯಲೆಂದು ಮಾಡಿರುತ್ತಾರೆ. ಬಿಗಿ ಸ್ಪ್ರಿಂಗ್ ವಾಪಸ್ ಚಿಮ್ಮುವ ಬಲವನ್ನು ಅದು ತಡೆಯಲಾರದು. ನೈಸ್ ರಸ್ತೆಯ ಜಾಯಿಂಟುಗಳಲ್ಲಿ 80 ಕಿಮೀ ವೇಗದಲ್ಲಿ ಹಿಂಭಾಗ ಚಿಮ್ಮಿ ಚಿಮ್ಮಿ ಹೋಗುವುದು ಸ್ಪಷ್ಟವಾಗಿ ತಿಳಿಯಿತು. ಹೊಸ ಸ್ಪ್ರಿಂಗ್ ಹಾಕಿದ ಮೊದಲ ವಾರ ‘ಟೈಟ್ ಆಗಿದೆ’ ಎನ್ನಿಸುತ್ತದೆ, ನಿಜ. ಅದೇ ಹಳೆಯ ಶಾಕು ಹೊಸ ಭಾರ ಹೊತ್ತು ಬಹುಬೇಗ ಸೋರತೊಡಗುತ್ತದೆ.

ಇದಕ್ಕೂ ಕೆಟ್ಟದ್ದೊಂದಿದೆ: ಕಂಪನಿ ಸ್ಪ್ರಿಂಗಿನ ಒಂದು ಸುತ್ತನ್ನು ಗ್ರೈಂಡರಿನಲ್ಲಿ ಕತ್ತರಿಸುವುದು. ತುದಿ ತಟ್ಟೆಯಲ್ಲಿ ಕೂರುವುದಿಲ್ಲ, ಚಕ್ರ ನೇತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡುತ್ತದೆ, ಬಿಸಿ ತಾಗಿದಲ್ಲಿ ಉಕ್ಕಿನ ಹದ ಕೆಡುತ್ತದೆ. ಕೊಂಡ ಲೋವರಿಂಗ್ ಸ್ಪ್ರಿಂಗಿಗೂ ಈ ಪರೀಕ್ಷೆ ಮಾಡಿ: ಗಾಡಿ ಎತ್ತಿ ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಕೈಗೆ ಅಲುಗಾಡಬಾರದು.

ಅದೇ ಸ್ಪ್ರಿಂಗ್, ಹೊಂದುವ ಗಿಡ್ಡ ಶಾಕ್

ಶಾಕ್ ಬದಲಾದ ಕೂಡಲೇ ಗಾಡಿಯೇ ಬೇರೆಯಾಯಿತು. ಬಿಲ್‌ಸ್ಟೈನ್‌ನ ಬಿ8 ಮಾದರಿಯಂತೆ ತಗ್ಗಿಸಿದ ಗಾಡಿಗೆಂದೇ ಗಿಡ್ಡ ಮಾಡಿದ ಶಾಕಿನಲ್ಲಿ ರಾಡು ತನ್ನ ಓಡಾಟದ ನಡುವಿನಲ್ಲೇ ನಿಲ್ಲುತ್ತದೆ, ಬಂಪ್ ಸ್ಟಾಪೂ ಗಿಡ್ಡ. ಜಾಯಿಂಟುಗಳ ಮೇಲೆ ಒಂದೇ ಏಟು, ಆಮೇಲೆ ನಿಶ್ಶಬ್ದ. ಶಿರಾಡಿ ಇಳಿಯುವಾಗ ಬ್ರೇಕ್ ಹಿಡಿದು ತಿರುಗಿದರೂ ಮೂಗು ಮುಗ್ಗರಿಸುವುದಿಲ್ಲ. ಡಾಂಬರು ಚೆನ್ನಾಗಿರುವ ಕಡೆ ನಾಲ್ಕರಲ್ಲಿ ಹೆಚ್ಚು ಮನಸ್ಸಿಗೆ ಹಿಡಿಸಿದ್ದು ಇದೇ.

ಆದರೂ ಮೇಲಿನ 74 ಮಿಮೀ ಲೆಕ್ಕದಿಂದ ಇದಕ್ಕೂ ಬಿಡುಗಡೆ ಇಲ್ಲ. ಇಬ್ಬರೇ ಓಡಾಡುವ ಮನೆಗೆ ಸರಿ, ಹಿಂದಿನ ಸೀಟು ದಿನವೂ ತುಂಬುವ ಮನೆಗೆ ಬೇಡ. ತಗ್ಗಿದ ಗಾಡಿಯಲ್ಲಿ ಆಂಟಿರೋಲ್ ಬಾರಿನ ಕೋನವೂ ಬದಲಾಗುವುದರಿಂದ ಉದ್ದ ಹೊಂದಿಸಬಹುದಾದ ಗಿಡ್ಡ ಲಿಂಕ್ ರಾಡ್ ಬೇಕಾಗಬಹುದು. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬಾರ್ ಡ್ರೈವ್ ಶಾಫ್ಟಿಗೋ ಲೋವರ್ ಆರ್ಮಿಗೋ ತಾಗುತ್ತದೆಯೇ ನೋಡಿ.

ಕಾಯ್ಲೋವರ್: ಕಿಟ್‌ಗಿಂತ ಹೊಂದಿಸುವುದೇ ದೊಡ್ಡ ಕೆಲಸ

ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಿದ ಕಾಯ್ಲೋವರ್ ನಾಲ್ಕರಲ್ಲೂ ಕೆಟ್ಟ ಸವಾರಿ ಕೊಟ್ಟಿತು. ಎರಡು ವಾರಾಂತ್ಯ ಕೂತು ಹೊಂದಿಸಿದ ಮೇಲೆ ಗಿಡ್ಡ ಶಾಕಿನ ಜೋಡಿಗೆ ಸಮನಾಗಿ ನಿಂತಿತು, ತಿರುವಿನಲ್ಲಿ ಒಂದು ಕೈ ಮೇಲೂ ಆಯಿತು. ಹಂಪಿನ ಮೇಲೆ ಮಾತ್ರ ಎಂದೂ ಮೆತ್ತಗಾಗಲಿಲ್ಲ, 2.2ರ ಓಲಾಟವನ್ನು ಬಿಗಿತ ಬದಲಿಸುವ ಯಾವ ಗುಬುಟೂ ಇಳಿಸಲಾರದು.

ಮುಂದಿನ ಸ್ಟ್ರಟ್ಟಿನಲ್ಲಿ ಎರಡು ಹೊಂದಾಣಿಕೆ ಬೇರೆಬೇರೆ ಇರುತ್ತವೆ: ಸ್ಪ್ರಿಂಗ್ ಕೂರುವ ತಟ್ಟೆ, ಮತ್ತು ನಕಲ್ ಹಿಡಿಯುವ ಕೆಳಗಿನ ಬ್ರಾಕೆಟ್. ಎತ್ತರ ಬದಲಿಸಬೇಕಾದದ್ದು ಕೆಳಗಿನ ಬ್ರಾಕೆಟ್ ತಿರುಗಿಸಿ. ಅದರಿಂದ ಶಾಕಿನ ಓಡಾಟ ಕಡಿಮೆಯಾಗುವುದಿಲ್ಲ. ತಟ್ಟೆಯನ್ನು ಸ್ಪ್ರಿಂಗ್ ಅಲುಗಾಡದಷ್ಟು ಬಿಗಿದು, ಮೇಲೆ 2ರಿಂದ 5 ಮಿಮೀ ಕೊಟ್ಟರೆ ಸಾಕು. ‘ಗಾಡಿ ಎತ್ತರ ಮಾಡಿಕೊಡಿ’ ಎಂದಾಗ ತಟ್ಟೆಯನ್ನೇ 20 ಮಿಮೀ ಬಿಗಿದುಬಿಡುವುದು ಸಾಮಾನ್ಯ. ಸ್ಪ್ರಿಂಗ್ ಆ ಭಾರಕ್ಕೆ ಕುಗ್ಗಬೇಕಾದದ್ದೇ 52 ಮಿಮೀ. ಅದರಲ್ಲಿ 20 ಮೊದಲೇ ಕುಗ್ಗಿಸಿಟ್ಟರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಉಳಿಯುವುದು 32. ಚಕ್ರ ಗುಂಡಿಯ ತಳ ಮುಟ್ಟುವ ಮೊದಲೇ ರಾಡು ಕೊನೆ ತಲುಪಿ ಡಬ್ ಎನ್ನುತ್ತದೆ. ಬ್ರಾಕೆಟ್ ಹೊರಕ್ಕೆ ತಿರುಗಿಸುವಾಗಲೂ ಕಿಟ್ ಪುಸ್ತಕದಲ್ಲಿ ಹೇಳಿರುವ ಕನಿಷ್ಠ ಥ್ರೆಡ್ ಒಳಗೆ ಉಳಿದಿರಲೇಬೇಕು. ಹಿಂದಿನ ಸ್ಪ್ರಿಂಗಿನ ಎತ್ತರವನ್ನು ಅದರ ತಟ್ಟೆಯಿಂದಲೇ ಬದಲಿಸುವುದು. ಆದರೆ ಶಾಕಿನ ಉದ್ದವನ್ನೂ ಅದಕ್ಕೆ ತಕ್ಕಂತೆ ಬದಲಿಸದಿದ್ದರೆ ರಾಡು ಓಡಾಟದ ಒಂದು ಕೊನೆಗೆ ಸರಿದುಹೋಗುತ್ತದೆ.

ನಾವು ಕೊನೆಗೆ ನಿಲ್ಲಿಸಿದ್ದು ಕಂಪನಿ ಎತ್ತರಕ್ಕಿಂತ 15 ಮಿಮೀ ತಗ್ಗಿನಲ್ಲಿ. ಕಾಯ್ಲೋವರ್ ಕೊಂಡವರು ಪೂರ್ತಿ ಇಳಿಸಲೇಬೇಕೆಂಬ ನಿಯಮವಿಲ್ಲ.

ಬಿಗಿತದ ಕ್ಲಿಕ್‌ಗಳನ್ನು ಪೂರ್ತಿ ಬಿಗಿಯಿಂದ ಹಿಂದಕ್ಕೆ ಎಣಿಸಿ. ಮೆತ್ತನೆಯ ಕೊನೆ ಅಷ್ಟು ಖಚಿತವಾಗಿ ತಿಳಿಯುವುದಿಲ್ಲ. ಕೊನೆ ಬಂದ ಮೇಲೆ ಒತ್ತಿ ತಿರುಗಿಸಬೇಡಿ, ಒಳಗಿನ ಸೂಜಿ ಕೆಡುತ್ತದೆ. ಎಡಬಲ ಒಂದೇ ಎಣಿಕೆ. ನಡುವಿನಿಂದ ಹೊರಟು, ಒಂದೇ ರಸ್ತೆ, ಒಂದೇ ವೇಗ, ಒಂದು ಸಲಕ್ಕೆ ಒಂದೇ ಆಕ್ಸಲ್, ಮೂರು ಮೂರು ಕ್ಲಿಕ್. ಹಂಪ್ ಇಳಿದ ಮೇಲೆ ಗಾಡಿ ಮತ್ತೊಮ್ಮೆ ಏರಿದರೆ ಬಿಗಿ ಸಾಲದು. ಸಾಲು ಸಾಲು ಸಣ್ಣ ಉಬ್ಬುಗಳ ಮೇಲೆ ಗಾಡಿ ಕುಸಿಯುತ್ತ ಕುಸಿಯುತ್ತ ಗಟ್ಟಿಯಾಗುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ: ಒಂದು ಗುಬುಟಿನ ಕಿಟ್‌ಗಳಲ್ಲಿ ಬದಲಾಗುವುದು ಹೆಚ್ಚಾಗಿ ರೀಬೌಂಡ್, ಅದು ಮಿತಿ ಮೀರಿದರೆ ಒಂದು ಉಬ್ಬಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಉಬ್ಬು ಬರುತ್ತದೆ.

ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಥ್ರೆಡ್ಡಿಗೆ ಶತ್ರು. ಜೂನ್‌ಗೆ ಮೊದಲು ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಆಂಟಿಸೀಜ್ ಪೇಸ್ಟ್ ತೆಳುವಾಗಿ ಹಚ್ಚಿ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ. ಒಂದು ವರ್ಷ ಮುಟ್ಟದೆ ಬಿಟ್ಟ ರಿಂಗುಗಳು ಸಿ-ಸ್ಪ್ಯಾನರಿಗೂ ಕದಲುವುದಿಲ್ಲ. ಆಗ ‘ಅಡ್ಜಸ್ಟಬಲ್’ ಎನ್ನುವುದು ಹೆಸರಿಗಷ್ಟೇ.

ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ಪಿಯು (ಪಾಲಿಯುರೆಥೇನ್) ಬಫರ್‌ಗಳ ಬಗ್ಗೆ ಎರಡೇ ಮಾತು. ಅವು ಸ್ಪ್ರಿಂಗಿನ ಒಂದು ಭಾಗವನ್ನು ಕಟ್ಟಿಹಾಕುವುದರಿಂದ ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ; ಮಣ್ಣು ನೀರು ಹಿಡಿದಿಟ್ಟು ಪೇಂಟ್ ಉಜ್ಜಿ, ತುಕ್ಕು ಹಿಡಿದ ಜಾಗದಲ್ಲೇ ಸ್ಪ್ರಿಂಗ್ ಮುರಿಯುತ್ತದೆ. ಎತ್ತರ ಮಾಡುವ ಸ್ಪೇಸರ್‌ಗಳು ಮೇಲ್ಮುಖ ಓಡಾಟ ಕೊಟ್ಟು ಕೆಳಮುಖದ್ದನ್ನು ಕಿತ್ತುಕೊಳ್ಳುತ್ತವೆ.

ಹಾಕಿದ ಮೇಲೆ

ಹೊಸ ಸ್ಪ್ರಿಂಗ್ 100–200 ಕಿಮೀ ಓಡಿದ ಮೇಲೆ ಕೆಲವು ಮಿಮೀ ಕೂರುತ್ತದೆ. ಅಲ್ಲಿಯವರೆಗೆ ನಿಧಾನ ಓಡಿಸಿ, ಎತ್ತರ ಮತ್ತೆ ಅಳೆದು, ಆಮೇಲೆ ಅಲೈನ್‌ಮೆಂಟ್. ಮೊದಲ ದಿನವೇ ಮಾಡಿಸಿದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ. ಗಾಡಿ ತಗ್ಗಿದಾಗ ಮುಂದಿನ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಖಂಡಿತ ಬದಲಾಗುತ್ತದೆ. ಟೈರಿನ ಅಂಚು ಸವೆಯುವುದಕ್ಕೆ ಕ್ಯಾಂಬರಿಗಿಂತ ಇದೇ ದೊಡ್ಡ ಕಾರಣ. ಹಿಂದಿನ ಟಾರ್ಷನ್ ಬೀಮಿನಲ್ಲಿ ಟೋ, ಕ್ಯಾಂಬರ್ ತಿರುಗಿಸಿ ಹೊಂದಿಸುವ ಬೋಲ್ಟೇ ಇಲ್ಲ, ಶಿಮ್ (ತೆಳು ಲೋಹದ ತುಂಡು) ಹಾಕುವುದೊಂದೇ ದಾರಿ. ಕ್ಯಾಂಬರ್ ಸರಿಮಾಡಲು ಸ್ಟ್ರಟ್ಟನ್ನೋ ಬೀಮನ್ನೋ ಹೈಡ್ರಾಲಿಕ್ ಜಾಕಿನಿಂದ ಬಗ್ಗಿಸುತ್ತೇವೆ ಎಂದರೆ ಗಾಡಿ ತೆಗೆದುಕೊಂಡು ಹೊರಟುಬನ್ನಿ.

ಶಬ್ದ ಬಂದರೆ ಹುಡುಕುವ ಕ್ರಮ ಹೀಗಿರಲಿ. ಸಣ್ಣ ಕಲ್ಲುಗಳ ಮೇಲೂ ಟಕಟಕ ಎಂದರೆ ಲಿಂಕ್ ರಾಡ್ ನಟ್ ಅಥವಾ ಟಾಪ್ ಮೌಂಟಿನ ನಡುನಟ್ ಸಡಿಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಎಂದು ಸ್ಪ್ರಿಂಗ್ ಜಿಗಿದರೆ ಅದರ ತುದಿ ತಟ್ಟೆಯಲ್ಲಿ ಕೂತಿಲ್ಲ, ಇಲ್ಲವೇ ಬೇರಿಂಗ್ ಕಚ್ಚಿಕೊಂಡಿದೆ. ಹಂಪ್ ಏರಿದಾಗಲ್ಲ, ಇಳಿದ ಮೇಲೆ ಡಬ್ ಎಂದರೆ ಕೆಳಮುಖ ಓಡಾಟ ಮುಗಿಯುತ್ತಿದೆ. ಕಿರಕಿರ ಎನ್ನುವ ಪಿಯು ಬುಷ್ಷಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಿ.

ಕಾನೂನಿನ ಮಾತು ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 52, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸಕೂಡದು ಎನ್ನುತ್ತದೆ. ಕಂಪನಿ ಅಳತೆಯ ಶಾಕ್ ಬರೀ ಬದಲಿ ಭಾಗ. ಎತ್ತರ ಬದಲಿಸುವ ಕಿಟ್ ಹಾಕುವವರು ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೆ ಬರಹದಲ್ಲಿ ತಿಳಿಸುವುದು ಕ್ಷೇಮ.

500 ಕಿಮೀ ಆದಾಗ ಬಿಚ್ಚಿದ ಪ್ರತಿ ಬೋಲ್ಟಿಗೂ ಟಾರ್ಕ್ ರೆಂಚ್ ಮತ್ತೊಮ್ಮೆ ಹಿಡಿಯಿರಿ. ಆ ರಾತ್ರಿಯೇ ಗಾಡಿಯನ್ನು ಅದೇ ಗೋಡೆಯ ಎದುರು, ಅದೇ ಜಾಗದಲ್ಲಿ ನಿಲ್ಲಿಸಿ, ಹೆಡ್‌ಲೈಟಿನ ಗೆರೆಯನ್ನು ಹಳೆಯ ಗುರುತಿನ ಪಕ್ಕ ಇಟ್ಟು ನೋಡಿ. ಮುಂಭಾಗಕ್ಕಿಂತ ಹಿಂಭಾಗ ಹೆಚ್ಚು ತಗ್ಗಿದ್ದರೆ ಬೆಳಕು ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಗೆರೆಯನ್ನು ಗುರುತಿಗೆ ಇಳಿಸಿ.